ಕಾವಲು ಬಿಟ್ಟು ಸರಿದ ಗಾಳಿಯಂತ್ರಗಳು: ಒಂದು ವನ್ಯಜೀವಿ ಸಮೀಕ್ಷೆಯ ಪ್ರಕರಣ ಅಧ್ಯಯನ

ನಮ್ಮ ದೇಶದಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಯೋಜನೆಗೆ ಪರಿಸರ ಪರಿಣಾಮ ಅಧ್ಯಯನ ಕಡ್ಡಾಯವಲ್ಲ. ಯಾವ ಯೋಜನೆಗೆ ಆ ಅಧ್ಯಯನ ಬೇಕೆಂದು ಹೇಳುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಣಿ, ಅಣೆಕಟ್ಟು, ಉಷ್ಣ ವಿದ್ಯುತ್ ಸ್ಥಾವರ ಇವೆ, ಗಾಳಿಯಂತ್ರ ಇಲ್ಲ. ಅರಣ್ಯ ಭೂಮಿ ಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಪಡೆಯಬೇಕು. ಕಂದಾಯ ಭೂಮಿಯೋ ರೈತರ ಹೊಲವೋ ಆದರೆ ಹಕ್ಕಿ, ತೋಳ, ಬಾವಲಿಗಳ ಬಗ್ಗೆ ವಿಚಾರಿಸುವ ಕಡ್ಡಾಯ ಹಂತವೇ ಇಲ್ಲ. ಇಲ್ಲಿ ವಿವರಿಸುತ್ತಿರುವ ಯೋಜನೆಯಲ್ಲಿ ಆ ವಿಚಾರಣೆ ನಡೆದದ್ದು ಸಾಲ ಕೊಡುವವರು ಪಟ್ಟು ಹಿಡಿದದ್ದರಿಂದ.

ಹಣ ಹೂಡಲು ಮುಂದೆ ಬಂದ ಸಂಸ್ಥೆ ಅಂತರರಾಷ್ಟ್ರೀಯ ಹಣಕಾಸು ನಿಗಮದ ಮಾನದಂಡಗಳನ್ನು ಪಾಲಿಸುವಂಥದ್ದು. 2012ರಿಂದ ಜಾರಿಯಲ್ಲಿರುವ ಆ ಮಾನದಂಡಗಳಲ್ಲಿ ಆರನೆಯದು ಜೀವವೈವಿಧ್ಯಕ್ಕೆ ಸಂಬಂಧಿಸಿದ್ದು. ಯೋಜನೆಯಿಂದ ನೈಸರ್ಗಿಕ ನೆಲೆಗೆ ಧಕ್ಕೆಯಾಗುವಂತಿದ್ದರೆ ಮೊದಲು ಅದನ್ನು ತಪ್ಪಿಸಲು ನೋಡಬೇಕು, ಆಗದಿದ್ದರೆ ತಗ್ಗಿಸಬೇಕು, ಆಮೇಲೂ ಉಳಿಯುವ ಹಾನಿಗೆ ಬೇರೆಡೆ ಪರಿಹಾರ ಮಾಡಬೇಕು ಎನ್ನುವುದು ಅದರ ಕ್ರಮ. ಕಾಗದದ ಮೇಲೆ ಇದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಮೊದಲ ಮೆಟ್ಟಿಲಾದ ತಪ್ಪಿಸುವ ಕೆಲಸಕ್ಕೆ ಅವಕಾಶವಿರುವುದು ಗೋಪುರದ ಜಾಗಗಳನ್ನು ಇನ್ನೂ ಬದಲಾಯಿಸಬಹುದಾದ ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಏನು ನಡೆಯಿತು ಎನ್ನುವುದೇ ಈ ಪ್ರಕರಣದ ಜೀವ.

ಸಮೀಕ್ಷೆಯ ತಂಡದಲ್ಲಿ ನಾನಿದ್ದೆ. ಕಂಪನಿ, ಸಾಲದಾತರು, ಜಿಲ್ಲೆ, ಊರು ಯಾವುದನ್ನೂ ಹೆಸರಿಸುತ್ತಿಲ್ಲ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಒಂದೆರಡನ್ನು ಇದೇ ಬಗೆಯ ಬೇರೆ ಯೋಜನೆಗಳಿಂದ ತಂದು ಸೇರಿಸಿದ್ದೇನೆ.

ಜಾಗ

ಉತ್ತರ ಕರ್ನಾಟಕದ ಬಯಲುಸೀಮೆ. ಪಶ್ಚಿಮಕ್ಕೆ ಉದ್ದನೆಯ ಕಲ್ಲುಗುಡ್ಡದ ಸಾಲು, ಅದರ ಬುಡಕ್ಕೆ ಕುರುಚಲು. ಗುಡ್ಡದಿಂದ ಪೂರ್ವಕ್ಕೆ ಮಸಾರಿ ಮಣ್ಣಿನ ಎತ್ತರದ ಬಯಲು, ಅದರ ನಡುವೆ ನೂರಾರು ಎಕರೆಯ ಸರಕಾರಿ ಕಾವಲು, ಅಂದರೆ ಕುರಿ ಮೇಯುವ ಹುಲ್ಲುಗಾವಲು. ಕಾವಲು ದಾಟಿದರೆ ಎರೆಹೊಲಗಳು: ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬೆ. ಇನ್ನೂ ಆಚೆಗೆ ಒಂದು ದೊಡ್ಡ ಕೆರೆ. ಪಕ್ಕದ ಗುಡ್ಡದ ಮೇಲೆ ಬೇರೆ ಕಂಪನಿಯ ಹಳೆಯ ಗಾಳಿಯಂತ್ರಗಳು ವರ್ಷಗಳಿಂದ ತಿರುಗುತ್ತಿವೆ. ಊರವರು ಅವನ್ನು ಫ್ಯಾನು ಎನ್ನುತ್ತಾರೆ.

ಹೊಸ ಕಂಪನಿಯ ನಕ್ಷೆಯಲ್ಲಿ ಗೋಪುರಗಳು ಮೂರು ಕಡೆ ಹಂಚಿಹೋಗಿದ್ದವು: ಗುಡ್ಡದ ನೆತ್ತಿ, ಕಾವಲು, ಎರೆಹೊಲದ ಅಂಚು. ಕಾವಲು ಎಲ್ಲರಿಗೂ ಅನುಕೂಲವಾಗಿ ಕಂಡ ಜಾಗ. ಬೆಳೆ ಇಲ್ಲ, ಹತ್ತಾರು ರೈತರ ಜೊತೆ ಕರಾರು ಮಾಡಿಕೊಳ್ಳಬೇಕಿಲ್ಲ, ನೆಲ ಸಮತಟ್ಟು, ಟ್ರೇಲರು ಹತ್ತಲು ಗುಡ್ಡ ಕಡಿಯಬೇಕಿಲ್ಲ. ದಾಖಲೆಯಲ್ಲಿ ಅದು ಬಂಜರು. ಹುಲ್ಲುಗಾವಲುಗಳನ್ನು ಬಂಜರಿನ ಲೆಕ್ಕಕ್ಕೆ ಹಾಕುವ ರೂಢಿ ನಮ್ಮಲ್ಲಿ ಬ್ರಿಟಿಷರ ಕಂದಾಯ ವ್ಯವಸ್ಥೆಯ ಕಾಲದಿಂದ ಬಂದದ್ದು. ಈಗಲೂ ದೇಶದ ಬಂಜರು ಭೂಮಿ ನಕ್ಷೆಗಳಲ್ಲಿ ಕುರುಚಲು ಮತ್ತು ಹುಲ್ಲುಗಾವಲಿನ ಬಹುಭಾಗ ಆ ಹಣೆಪಟ್ಟಿಯಡಿಯೇ ಇದೆ. ತೋಳ, ಚಿಗರಿ, ಕಂಕನರಿಗಳು ಬದುಕುವುದು ಈ ‘ಬಂಜರಿ’ನಲ್ಲೇ. ನಮ್ಮ ನಾಡಿನಿಂದ ಬಹುತೇಕ ಕಣ್ಮರೆಯಾಗಿ ಸಿರುಗುಪ್ಪದ ಎರೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ಎರೆಭೂತ, ಕೂಡ ಇಂಥ ನೆಲದ ಹಕ್ಕಿಯೇ.

ಕೈಯಲ್ಲಿದ್ದ ವರದಿ

ನಾವು ಹೋಗುವ ಮೊದಲೇ ಕಂಪನಿಯ ಬಳಿ ಒಂದು ವರದಿ ಇತ್ತು. ಬೇಸಿಗೆಯ ನಡುವೆ ಕೆಲವು ದಿನ ಓಡಾಡಿ ತಯಾರಿಸಿದ್ದು. ಹಕ್ಕಿಗಳ ಉದ್ದನೆಯ ಪಟ್ಟಿ, ಒಂದಷ್ಟು ಚಿತ್ರಗಳು, ಕೊನೆಗೆ ‘ಗಮನಾರ್ಹ ಪರಿಣಾಮ ನಿರೀಕ್ಷಿತವಲ್ಲ’ ಎಂಬ ಒಂದು ಸಾಲು. ಪಟ್ಟಿಯಲ್ಲಿ ಸುಳ್ಳೇನೂ ಇರಲಿಲ್ಲ. ಬರೆದವರು ಕಂಡದ್ದನ್ನೇ ಬರೆದಿದ್ದರು. ಆದರೆ ಮೇ ತಿಂಗಳಿನಲ್ಲಿ ಬಯಲುಸೀಮೆಗೆ ಹೋದವರಿಗೆ ಬಯಲುಸೀಮೆಯ ಅರ್ಧ ಹಕ್ಕಿಲೋಕ ಕಾಣುವುದೇ ಇಲ್ಲ. ಕಜಕಸ್ತಾನ, ರಷ್ಯಾಗಳ ಹುಲ್ಲುಬಯಲಿನಿಂದ ಬರುವ ಮಾಂಟೆಗು ಮತ್ತು ಪ್ಯಾಲಿಡ್ ಹ್ಯಾರಿಯರ್ ಎಂಬ ಗಿಡುಗಗಳು ಅಕ್ಟೋಬರ್ ಹೊತ್ತಿಗೆ ಇಳಿದು ಮಾರ್ಚ್–ಏಪ್ರಿಲ್‌ಗೆ ಹೊರಟುಬಿಡುತ್ತವೆ. ಮಂಗೋಲಿಯಾ, ಟಿಬೆಟ್‌ಗಳ ಪಟ್ಟೆತಲೆ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿರುವುದು ಚಳಿಗಾಲದಲ್ಲಿ. ತೋಳದ ಮರಿಗಳು ಗುಹೆಯಲ್ಲಿರುವುದೂ ಹೆಚ್ಚಾಗಿ ಚಳಿಗಾಲದಲ್ಲೇ.

ಸಾಲದಾತರ ತಜ್ಞರು ಆ ವರದಿಯನ್ನು ವಾಪಸು ಕಳಿಸಿದರು. ಕಂಪನಿಗೆ ಇದು ದೊಡ್ಡ ಪೆಟ್ಟು. ಅವರ ಕಷ್ಟವನ್ನೂ ಹೇಳಬೇಕು. ಕರ್ನಾಟಕದಲ್ಲಿ ಗಾಳಿ ಜೋರಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೈರುತ್ಯ ಮಾರುತದ ಕಾಲದಲ್ಲಿ. ವರ್ಷದ ಗಳಿಕೆಯ ಬಹುಪಾಲು ಆ ನಾಲ್ಕು ತಿಂಗಳಲ್ಲೇ ಆಗಬೇಕು. ಮುಂದಿನ ಮಳೆಗಾಲದೊಳಗೆ ಯಂತ್ರಗಳು ತಿರುಗಬೇಕಾದರೆ ಚಳಿಗಾಲದಲ್ಲಿ ಅಡಿಪಾಯ ಹಾಕಲೇಬೇಕು. ನಾವು ಸಮೀಕ್ಷೆ ಮಾಡಬೇಕೆಂದು ಕೇಳಿದ್ದೂ ಅದೇ ಚಳಿಗಾಲವನ್ನು. ಹಕ್ಕಿಯ ಋತುವೂ ಕಟ್ಟಡದ ಋತುವೂ ಹೀಗೆ ಒಂದರ ಮೇಲೊಂದು ಬೀಳುವುದು ನಮ್ಮ ರಾಜ್ಯದ ಹೆಚ್ಚಿನ ಯೋಜನೆಗಳ ಮೂಲ ತೊಡಕು. ಬೇಸಿಗೆಯ ಸಮೀಕ್ಷೆಗಳು ಇಷ್ಟೊಂದು ಹುಟ್ಟುವುದು ಈ ತೊಡಕಿನಿಂದಲೇ ಎಂದು ನನ್ನ ಅಂದಾಜು. ಚಳಿಗಾಲ ಕಳೆದುಹೋಯಿತು ಎನ್ನುವಾಗ ಕೈಗೆ ಸಿಗುವುದು ಬೇಸಿಗೆಯೊಂದೇ.

ಮೊದಲ ತಿರುವು ಇಲ್ಲಿ ಸಿಕ್ಕಿತು. ಯೋಜನೆಯನ್ನು ಒಟ್ಟಾಗಿ ತಡೆಯುವ ಬದಲು ಎರಡಾಗಿ ಒಡೆಯಲು ಮಾತುಕತೆ ನಡೆಯಿತು. ಎರೆಹೊಲದ ಅಂಚಿನ ಗೋಪುರಗಳಲ್ಲಿ ಅಪಾಯ ಕಡಿಮೆ ಎಂದು ಮೇಲ್ನೋಟಕ್ಕೇ ಹೇಳಬಹುದಾದವುಗಳ ಕೆಲಸ ಶುರುವಾಗಲಿ. ಗುಡ್ಡದ ನೆತ್ತಿ ಮತ್ತು ಕಾವಲು ಒಂದು ಪೂರ್ಣ ಚಳಿಗಾಲ ಕಾಯಲಿ. ಸಾಲದ ಕಂತುಗಳನ್ನೂ ಹಾಗೆಯೇ ವಿಂಗಡಿಸಲು ಹಣಕಾಸು ಸಂಸ್ಥೆ ಒಪ್ಪಿತು. ಈ ಒಪ್ಪಂದ ಆಗದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ. ಕಂಪನಿಯ ಯೋಜನಾ ವ್ಯವಸ್ಥಾಪಕರು ತಮ್ಮ ಮೇಲಧಿಕಾರಿಗಳ ಎದುರು ಇದಕ್ಕಾಗಿ ವಾದಿಸಿದರು. ಅಂಥವರು ಒಳಗಿಲ್ಲದ ಕಂಪನಿಯಲ್ಲಿ ಹೊರಗಿನ ತಜ್ಞರು ಎಷ್ಟು ಬರೆದರೂ ಫಲವಿಲ್ಲ.

ಕುಳಿತು ನೋಡುವ ಕೆಲಸ

ಗಾಳಿಯಂತ್ರದ ಸಮೀಕ್ಷೆಯಲ್ಲಿ ನಡೆದಾಡುವುದಕ್ಕಿಂತ ಕೂರುವುದು ಹೆಚ್ಚು. ಎತ್ತರದ ಒಂದು ಜಾಗ ಆರಿಸಿ, ಎರಡು ಕಿಲೋಮೀಟರ್‌ವರೆಗಿನ ಆಕಾಶವನ್ನು ನೋಡುತ್ತ, ದೊಡ್ಡ ಹಕ್ಕಿ ಕಂಡಾಗಲೆಲ್ಲ ಅದರ ದಾರಿಯನ್ನು ನಕ್ಷೆಯ ಮೇಲೆ ಎಳೆಯಬೇಕು, ಎಷ್ಟು ಎತ್ತರದಲ್ಲಿ ಎಷ್ಟು ಸೆಕೆಂಡು ಹಾರಿತೆಂದು ಬರೆಯಬೇಕು. ಸ್ಕಾಟ್ಲೆಂಡಿನ ಮಾರ್ಗಸೂಚಿ ಪ್ರತಿ ಜಾಗದಿಂದ ಪ್ರತಿ ಋತುವಿಗೆ ಕನಿಷ್ಠ 36 ಗಂಟೆ ನೋಡಬೇಕೆನ್ನುತ್ತದೆ. ಒಂದೇ ಸಲಕ್ಕೆ ಮೂರು ಗಂಟೆಗಿಂತ ಹೆಚ್ಚು ಕೂರಬಾರದೆಂದೂ ಹೇಳುತ್ತದೆ, ಕಣ್ಣು ದಣಿದರೆ ಹಕ್ಕಿ ತಪ್ಪುತ್ತದೆ. ನಮ್ಮ ಬಿಸಿಲಿಗೆ ಮೂರು ಗಂಟೆಯೂ ಹೆಚ್ಚೇ.

ಎತ್ತರವನ್ನು ಅಂದಾಜು ಮಾಡುವುದೇ ಎಲ್ಲಕ್ಕಿಂತ ಕಷ್ಟ. ಖಾಲಿ ಆಕಾಶದಲ್ಲಿ ಅಳತೆಗೆ ಏನೂ ಇರುವುದಿಲ್ಲ. ಇಲ್ಲಿ ಗಾಳಿ ಅಳೆಯಲು ಕಂಪನಿ ನೆಟ್ಟಿದ್ದ ತೆಳ್ಳನೆಯ ಕಂಬ ನೆರವಿಗೆ ಬಂತು. ಅದರ ಯಾವ ಎತ್ತರದಲ್ಲಿ ಯಾವ ಉಪಕರಣವಿದೆ ಎನ್ನುವ ಲೆಕ್ಕ ಕಂಪನಿಯಿಂದ ಪಡೆದು ಅದನ್ನೇ ಅಳತೆಕೋಲು ಮಾಡಿಕೊಂಡೆವು. ಹೊಸ ಯಂತ್ರಗಳ ಅಲಗು ತಿರುಗುವ ವೃತ್ತದ ಕೆಳತುದಿಯಿಂದ ಮೇಲ್ತುದಿಯವರೆಗಿನ ಪಟ್ಟಿಯನ್ನು ಬೇರೆ ಬಣ್ಣದಲ್ಲಿ ದಾಖಲಿಸಿದೆವು, ಹಕ್ಕಿ ಸಾಯುವುದು ಆ ಪಟ್ಟಿಯೊಳಗೆ.

ಗುಡ್ಡದ ನೆತ್ತಿಯ ಚಿತ್ರ ಬೇಗ ಸ್ಪಷ್ಟವಾಯಿತು. ಬಿಸಿಲೇರಿ ಬಂಡೆಗಳು ಕಾದ ಮೇಲೆ ಹಾವುಗಿಡುಗಗಳು, ಬೊನೆಲ್ಲಿ ಗಿಡುಗದ ಒಂದು ಜೋಡಿ, ಹದ್ದುಗಳು ಬಿಸಿಗಾಳಿ ಹಿಡಿದು ಮೇಲೇರುತ್ತಿದ್ದವು. ಅವು ನೆತ್ತಿಯ ಉದ್ದಕ್ಕೂ ಸಮನಾಗಿ ಹಾರುತ್ತಿರಲಿಲ್ಲ. ಗುಡ್ಡದ ಸಾಲು ತಗ್ಗಿ ಕಣಿವೆಯಂತಾಗುವ ಒಂದು ಕಡೆ, ಗಾಳಿಗೆ ಎದುರಾದ ಇಳಿಜಾರಿನಲ್ಲಿ, ದಾರಿಗಳೆಲ್ಲ ಒಟ್ಟುಗೂಡುತ್ತಿದ್ದವು. ಕ್ಯಾಲಿಫೋರ್ನಿಯದ ಆಲ್ಟಮಾಂಟ್ ಕಣಿವೆಯಲ್ಲಿ 1980ರ ದಶಕದಲ್ಲಿ ಸಾವಿರಾರು ಯಂತ್ರಗಳನ್ನು ನೆಟ್ಟು, ಹೊನ್ನ ಗಿಡುಗಗಳು ಸಾಯತೊಡಗಿದ ಮೇಲೆ ಕಲಿತ ಪಾಠವೂ ಇದೇ: ಎಲ್ಲ ಯಂತ್ರಗಳೂ ಸಮಾನವಾಗಿ ಕೊಲ್ಲುವುದಿಲ್ಲ, ತಪ್ಪು ಜಾಗದಲ್ಲಿರುವ ಕೆಲವೇ ಯಂತ್ರಗಳು ಹೆಚ್ಚು ಕೊಲ್ಲುತ್ತವೆ.

ಕಾವಲಿನ ಚಿತ್ರ ಹೀಗೆ ಸಿಗಲಿಲ್ಲ. ಹ್ಯಾರಿಯರ್‌ಗಳು ಹಗಲಿಡೀ ಕಾಣುತ್ತಿದ್ದವು, ಆದರೆ ಹುಲ್ಲಿನ ಮೇಲೆ ಆಳೆತ್ತರದಲ್ಲಿ, ತಲೆ ತಗ್ಗಿಸಿ, ಅತ್ತಿತ್ತ ತೂಗುತ್ತ ಬೇಟೆಯಾಡುತ್ತಿದ್ದವು. ಅಲಗಿನ ಕೆಳತುದಿ ಅದಕ್ಕಿಂತ ಎಷ್ಟೋ ಮೇಲೆ. ಕಂಪನಿಯ ಎಂಜಿನಿಯರು ಈ ದಾಖಲೆಗಳನ್ನು ನೋಡಿ, ಕಾವಲಿನಲ್ಲಿ ತೊಂದರೆಯಿಲ್ಲವಲ್ಲ ಎಂದರು. ಕೈಯಲ್ಲಿದ್ದ ಅಂಕಿಗಳ ಪ್ರಕಾರ ಅವರ ಮಾತು ಸರಿಯಾಗಿತ್ತು.

ಎರಡನೆಯ ತಿರುವು ಒಬ್ಬ ಕುರಿಗಾಹಿಯಿಂದ ಬಂತು. ದಿನವೂ ಅದೇ ಜಾಗದಲ್ಲಿ ಕೂರುವವರನ್ನು ಕಂಡು ಆತನೇ ಮಾತಿಗೆ ಬಂದಿದ್ದ. ನಾವು ಹೊರಟ ಮೇಲೆ, ಕುರಿ ತರುಬುವ ಹೊತ್ತಿಗೆ, ಈ ಗಿಡುಗಗಳೆಲ್ಲ ಸುತ್ತಲಿನಿಂದ ಬಂದು ಕಾವಲಿನ ಒಂದು ಮೂಲೆಯ ಹುಲ್ಲಿನಲ್ಲಿ ಇಳಿಯುತ್ತವೆ, ಬೆಳಿಗ್ಗೆ ಬೆಳಕಾಗುವ ಮೊದಲೇ ಏಳುತ್ತವೆ ಎಂದ. ಹ್ಯಾರಿಯರ್‌ಗಳು ಮರದ ಮೇಲೆ ಮಲಗುವುದಿಲ್ಲ, ನೆಲದ ಮೇಲೆ ಗುಂಪಾಗಿ ರಾತ್ರಿ ಕಳೆಯುತ್ತವೆ. ರಾಣೆಬೆನ್ನೂರಿನ ಚಿಗರಿಧಾಮದಲ್ಲಿ, ಗುಜರಾತಿನ ವೇಲಾವದರದಲ್ಲಿ ಇಂಥ ತಂಗುದಾಣಗಳು ಪ್ರಸಿದ್ಧ. ಇಲ್ಲಿ ಒಂದು ಇದೆಯೆಂದು ಯಾವ ದಾಖಲೆಯಲ್ಲೂ ಇರಲಿಲ್ಲ.

ಮರುದಿನ ಹಕ್ಕಿಗಳೆಲ್ಲ ಎದ್ದು ಹೋದ ಮೇಲೆ ಆ ಮೂಲೆಗೆ ಹೋದೆವು. ಮೊಣಕಾಲೆತ್ತರದ ಒಣ ಸೂಜಿಹುಲ್ಲು. ಅದರ ನಡುನಡುವೆ ಊಟದ ತಟ್ಟೆಯಷ್ಟಗಲ ಹುಲ್ಲು ಮಲಗಿ ಹಾಸಿಗೆಯಾಗಿತ್ತು, ಅಂಚಿನಲ್ಲಿ ಸುಣ್ಣ ಚೆಲ್ಲಿದಂತೆ ಹಿಕ್ಕೆ. ಪ್ರತಿ ಹಾಸಿಗೆಯಲ್ಲೂ ಹೆಬ್ಬೆರಳ ಗಾತ್ರದ ಒಂದೆರಡು ಉಂಡೆಗಳು, ಅಂದರೆ ಜೀರ್ಣವಾಗದೆ ಬಾಯಿಂದ ಉಗುಳಿದ್ದು. ಒಂದನ್ನು ಬಿಡಿಸಿದರೆ ಮಿಡತೆಯ ಗರಗಸದಂಥ ಹಿಂಗಾಲುಗಳು ರಾಶಿಯಾಗಿ ಬಿದ್ದವು, ಅವುಗಳ ನಡುವೆ ಓತಿಯ ಹುರುಪೆ, ಇಲಿಯ ಬೂದು ಕೂದಲು. ಸುತ್ತಲಿನ ಹೊಲಗಳ ಮಿಡತೆ, ಇಲಿಗಳನ್ನು ಈ ಹಕ್ಕಿಗಳು ಚಳಿಗಾಲವಿಡೀ ತಿನ್ನುತ್ತಿವೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಕಂಪನಿಯವರ ಮುಂದೆ ನಾವು ಇಟ್ಟ ಎಲ್ಲ ನಕ್ಷೆಗಳಿಗಿಂತ ಆ ಉಂಡೆಗಳಿದ್ದ ಡಬ್ಬಿಯೇ ಹೆಚ್ಚು ಕೆಲಸ ಮಾಡಿತು.

ನೋಡುವ ಹೊತ್ತನ್ನು ಮುಸ್ಸಂಜೆಗೂ ನಸುಕಿಗೂ ಬದಲಿಸಿದ ಮೇಲೆ ಚಿತ್ರವೇ ಬದಲಾಯಿತು. ಸೂರ್ಯ ಮುಳುಗುವ ಹೊತ್ತಿಗೆ ಹ್ಯಾರಿಯರ್‌ಗಳು ನಾಲ್ಕೂ ದಿಕ್ಕಿನಿಂದ ಬಂದು ನೇರವಾಗಿ ಇಳಿಯುತ್ತಿರಲಿಲ್ಲ. ಕಾವಲಿನ ಮೇಲೆ ಗುಂಪಾಗಿ ಸುತ್ತುತ್ತ ಮೇಲೇರಿ, ಅಲಗಿನ ಪಟ್ಟಿಯೊಳಗೆ ಬಹಳ ಹೊತ್ತು ಕಳೆದು, ಕತ್ತಲಾಗುವಾಗ ಒಂದೊಂದೇ ಹುಲ್ಲಿಗೆ ಜಾರುತ್ತಿದ್ದವು. ಹಗಲಿನ ದಾಖಲೆಗಳು ಹೇಳಿದ ‘ಅಪಾಯವಿಲ್ಲ’ ಮತ್ತು ಸಂಜೆಯ ದಾಖಲೆಗಳು ಹೇಳಿದ ‘ಇಡೀ ಕಾವಲೇ ಅಪಾಯ’ ಎರಡೂ ಒಂದೇ ಹಕ್ಕಿಯ ಬಗ್ಗೆ.

ಒಂದು ಸಂಖ್ಯೆ ಕೊಡಿ ಎಂದರು

ವರ್ಷಕ್ಕೆ ಎಷ್ಟು ಹಕ್ಕಿ ಸಾಯುತ್ತವೆ? ಪ್ರತಿ ಸಭೆಯಲ್ಲೂ ಈ ಪ್ರಶ್ನೆ ಬರುತ್ತಿತ್ತು. ಲೆಕ್ಕ ಹಾಕುವ ಮಾದರಿಗಳಿವೆ. ಎಷ್ಟು ಹಾರಾಟ ಅಲಗಿನ ವೃತ್ತದ ಮೂಲಕ ಹಾಯುತ್ತದೆ, ಹಾಯುವಾಗ ಅಲಗು ತಗಲುವ ಸಾಧ್ಯತೆ ಎಷ್ಟು ಎಂದು ಗುಣಿಸಿ, ಕೊನೆಗೆ ಹಕ್ಕಿ ಯಂತ್ರವನ್ನು ಕಂಡು ತಪ್ಪಿಸಿಕೊಳ್ಳುವ ಪ್ರಮಾಣವನ್ನು ಕಳೆಯುತ್ತಾರೆ. ಇಡೀ ಲೆಕ್ಕ ನಿಂತಿರುವುದು ಆ ಕೊನೆಯ ಅಂಶದ ಮೇಲೆ. ಶೇ 98ರಷ್ಟು ತಪ್ಪಿಸಿಕೊಳ್ಳುತ್ತವೆ ಎಂದು ಹಿಡಿಯುವುದಕ್ಕೂ ಶೇ 99 ಎಂದು ಹಿಡಿಯುವುದಕ್ಕೂ ಕೇಳಲು ಒಂದೇ ಅಂಕಿಯ ವ್ಯತ್ಯಾಸ, ಸಾವಿನ ಅಂದಾಜು ಮಾತ್ರ ಎರಡು ಪಟ್ಟು ಬದಲಾಗುತ್ತದೆ. ಬಳಕೆಯಲ್ಲಿರುವ ಪ್ರಮಾಣಗಳು ಹೆಚ್ಚಾಗಿ ಯುರೋಪು, ಅಮೆರಿಕದ ಹಕ್ಕಿಗಳ ಅಧ್ಯಯನಗಳಿಂದ ಬಂದವು. ಸ್ಪೇನಿನ ದಕ್ಷಿಣದಲ್ಲಿ 20 ಗಾಳಿಯಂತ್ರ ತಾಣಗಳನ್ನು ಪರಿಶೀಲಿಸಿದ, 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮೊದಲು ಅಂದಾಜಿಸಿದ ಅಪಾಯಕ್ಕೂ ಆಮೇಲೆ ಕಂಡ ಸಾವಿಗೂ ಸಂಬಂಧ ಬಹಳ ದುರ್ಬಲ ಎಂದು ತೋರಿಸಿತು. ಅದು ಕೊಟ್ಟ ಸಲಹೆ: ಇಡೀ ತಾಣವನ್ನಲ್ಲ, ಒಂದೊಂದು ಗೋಪುರದ ಜಾಗವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ.

ನಾವು ಅದನ್ನೇ ಮಾಡಿದೆವು. ಒಂದು ಸಂಖ್ಯೆಯ ಬದಲು ಗೋಪುರಗಳ ಪಟ್ಟಿ ಕೊಟ್ಟೆವು: ಕೆಂಪು, ಹಳದಿ, ಹಸಿರು. ಪ್ರತಿ ಬಣ್ಣಕ್ಕೂ ಕಾರಣ ಬರೆದೆವು. ಮಾದರಿಯ ಲೆಕ್ಕವನ್ನು ಗೋಪುರಗಳನ್ನು ಪರಸ್ಪರ ಹೋಲಿಸಲು ಮಾತ್ರ ಬಳಸಿದೆವು. ಇದರಿಂದ ಸಭೆಯ ಮಾತೇ ಬೇರೆಯಾಯಿತು. ಮೊದಲು ‘ಇಷ್ಟು ಸಾವು ಸಹಿಸಬಹುದೇ’ ಎಂಬ ಚರ್ಚೆ ಇತ್ತು, ಅದಕ್ಕೆ ಕೊನೆಯೇ ಇಲ್ಲ. ಈಗ ‘ಈ ಕೆಂಪು ಗೋಪುರವನ್ನು ಎಲ್ಲಿಗೆ ಒಯ್ಯಬಹುದು’ ಎಂಬ ಚರ್ಚೆ ಬಂತು. ಅದಕ್ಕೆ ಎಂಜಿನಿಯರುಗಳ ಬಳಿ ಉತ್ತರವಿತ್ತು. ಆದರೆ ಅದು ಸಲೀಸಾದ ಉತ್ತರವಲ್ಲ. ಯಂತ್ರಗಳ ನಡುವೆ ಅಲಗಿನ ವೃತ್ತದ ವ್ಯಾಸದ ಐದರಿಂದ ಏಳು ಪಟ್ಟು ಅಂತರ ಬೇಕು. ಇಲ್ಲದಿದ್ದರೆ ಮುಂದಿನದರ ಸುಳಿಗಾಳಿ ಹಿಂದಿನದರ ಉತ್ಪಾದನೆಯನ್ನು ತಿನ್ನುತ್ತದೆ. ಒಂದನ್ನು ಸರಿಸಿದರೆ ಮೂರನ್ನು ಸರಿಸಬೇಕು.

ಅಲಗೊಂದಕ್ಕೆ ಕಪ್ಪು ಬಣ್ಣ ಬಳಿದರೆ ಸಾಲದೇ ಎಂಬ ಮಾತೂ ಬಂತು. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಹಾಗೆ ಮಾಡಿದ ಮೇಲೆ ಸಾವು ಶೇ 70ಕ್ಕೂ ಹೆಚ್ಚು ಇಳಿದದ್ದು ನಿಜ. ಆದರೆ ಅಲ್ಲಿ ಬಣ್ಣ ಬಳಿದದ್ದು ನಾಲ್ಕು ಯಂತ್ರಗಳಿಗೆ ಮಾತ್ರ. ಅಷ್ಟು ಚಿಕ್ಕ ಪ್ರಯೋಗದ ಬಲದ ಮೇಲೆ ನೂರಾರು ಹಕ್ಕಿ ತಂಗುವ ಹುಲ್ಲಿನ ನೆತ್ತಿಯಲ್ಲಿ ಗೋಪುರ ನಿಲ್ಲಿಸಲು ಒಪ್ಪುವುದು ನ್ಯಾಯವಲ್ಲ ಎಂದು ಹೇಳಿದೆವು. ಸಾಲದಾತರು ನಮ್ಮ ಮಾತನ್ನು ಎತ್ತಿಹಿಡಿದರು.

ಪಕ್ಕದ ಗುಡ್ಡದ ಹಳೆಯ ಯಂತ್ರಗಳು

ಇಡೀ ಕೆಲಸದಲ್ಲಿ ಬೇರೆಯವರೂ ಅನುಸರಿಸಲಿ ಎಂದು ನಾನು ಬಯಸುವುದು ಈ ನಿರ್ಧಾರವನ್ನು. ಹೊಸ ಯಂತ್ರ ಏನು ಮಾಡುತ್ತದೋ ಎಂದು ಊಹಿಸುವಾಗ, ಅದೇ ಬಯಲಿನ ಹಳೆಯ ಯಂತ್ರ ಏನು ಮಾಡುತ್ತಿದೆ ಎಂದು ಯಾಕೆ ನೋಡಬಾರದು? ಪಕ್ಕದ ಕಂಪನಿಯ ಅನುಮತಿ ಪಡೆಯಲು ಸಮಯ ಹಿಡಿಯಿತು. ಸಿಕ್ಕ ಮೇಲೆ ಅವರ ಗೋಪುರಗಳ ಬುಡದಲ್ಲಿ ಸುತ್ತುಗಟ್ಟಿ ನಡೆದು ಸತ್ತ ಹಕ್ಕಿ ಹುಡುಕಿದೆವು.

ಬರೀ ಸಿಕ್ಕಿದ್ದನ್ನು ಎಣಿಸಿದರೆ ಮೋಸಹೋಗುತ್ತೇವೆ. ಸತ್ತ ಕೋಳಿಗಳನ್ನು ಗುರುತು ಹಾಕಿ ಗೋಪುರಗಳ ಬುಡದಲ್ಲಿಟ್ಟು ಮರುದಿನ ನೋಡಿದರೆ ಹೆಚ್ಚಿನವು ಇರಲೇ ಇಲ್ಲ. ನಾಯಿ, ನರಿ, ಮುಂಗುಸಿ, ಕಾಗೆ ಒಯ್ದಿದ್ದವು. ಒಂದೆರಡು ಕಡೆ ಪುಕ್ಕದ ಗುಡ್ಡೆ ಮಾತ್ರ ಉಳಿದಿತ್ತು. ಒಯ್ಯುವ ವೇಗ ಇಷ್ಟಿರುವ ಕಡೆ ತಿಂಗಳಿಗೊಮ್ಮೆ ಹುಡುಕಿ ‘ಒಂದೂ ಸತ್ತಿಲ್ಲ’ ಎನ್ನುವ ವರದಿಗೆ ಬೆಲೆಯಿಲ್ಲ. ನಾವು ಹುಡುಕಾಟದ ಅಂತರ ಕಡಿಮೆ ಮಾಡಿದೆವು. ಸಿಕ್ಕವು ಕೆಲವೇ, ಅವುಗಳಲ್ಲಿ ಬಾವಲಿಗಳೂ ಇದ್ದವು. ಬಾವಲಿ ಅಲಗಿಗೆ ಬಡಿದೂ ಸಾಯುತ್ತದೆ, ಅಲಗಿನ ಹಿಂದೆ ಗಾಳಿಯ ಒತ್ತಡ ಥಟ್ಟನೆ ಕುಸಿದಾಗ ಶ್ವಾಸಕೋಶ ಒಡೆದೂ ಸಾಯಬಹುದು. ಅವು ಹಾರುವುದು ಗಾಳಿ ಮಂದವಾಗಿರುವ ರಾತ್ರಿಗಳಲ್ಲಿ. ಅಂಥ ರಾತ್ರಿ ಯಂತ್ರ ತಿರುಗತೊಡಗುವ ವೇಗದ ಮಿತಿಯನ್ನು ತುಸು ಏರಿಸಿದರೆ ಸಾವು ಬಹಳ ಇಳಿಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೀಗೆ ಮಾಡಿದಾಗ ರಾತ್ರಿಯ ಸಾವು ಶೇ 44ರಿಂದ 93ರವರೆಗೆ ಇಳಿಯಿತು, ವರ್ಷದ ಉತ್ಪಾದನೆಯಲ್ಲಿ ನಷ್ಟವಾದದ್ದು ಶೇ 1ರೊಳಗೆ. ಇದನ್ನು ಕಂಪನಿ ತಾತ್ವಿಕವಾಗಿ ಒಪ್ಪಿದೆ.

ಮೂರನೆಯ ತಿರುವು ಬಂದದ್ದೂ ಈ ಹಳೆಯ ಯಂತ್ರಗಳ ಬಳಿ. ಅಲ್ಲಿನ ಲೈನ್‌ಮನ್ ಒಬ್ಬರು ನಮ್ಮ ಹುಡುಕಾಟವನ್ನು ಕೆಲವು ದಿನ ನೋಡಿ, ಫ್ಯಾನಿನ ಕೆಳಗೆ ಏನು ಹುಡುಕುತ್ತೀರಿ, ಚಳಿಗಾಲದಲ್ಲಿ ಹಕ್ಕಿ ಬೀಳುವುದು ಲೈನಿನ ಕೆಳಗೆ ಎಂದರು. ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಲ್ಲಿ ವಿಶ್ರಮಿಸಿ, ಕತ್ತಲಾಗುವಾಗ ಕಡಲೆ ಹೊಲಗಳಿಗೆ ಮೇಯಲು ಹೊರಡುತ್ತವೆ. ಆ ಹೊತ್ತಿಗೆ ತಂತಿ ಕಾಣುವುದಿಲ್ಲ. ನಮ್ಮ ನಕ್ಷೆ ತೆಗೆದು ನೋಡಿದರೆ, ಹೊಸ ಯೋಜನೆಯ 33 ಕಿಲೋವೋಲ್ಟ್ ತಂತಿ ಮಾರ್ಗ ಕೆರೆಗೂ ಕಡಲೆ ಹೊಲಕ್ಕೂ ನಡುವೆಯೇ ಅಡ್ಡ ಹಾಯುತ್ತಿತ್ತು.

ಗಾಳಿಯಂತ್ರದ ಸಮೀಕ್ಷೆ ಎಂದರೆ ಎಲ್ಲರ ಕಣ್ಣೂ ಅಲಗಿನ ಮೇಲೆ. ವಿದ್ಯುತ್ತನ್ನು ಹೊರಗೆ ಒಯ್ಯುವ ತಂತಿ ಹೆಚ್ಚಿನ ವರದಿಗಳಲ್ಲಿ ಒಂದು ಪ್ಯಾರಾದಲ್ಲಿ ಮುಗಿಯುತ್ತದೆ, ಎಷ್ಟೋ ಸಲ ಬೇರೆ ಗುತ್ತಿಗೆಯ ಕೆಲಸವೆಂದು ಅದೂ ಇರುವುದಿಲ್ಲ. ರಾಜಸ್ಥಾನದ ಥಾರ್ ಪ್ರದೇಶದ 4,200 ಚದರ ಕಿಲೋಮೀಟರಿನಲ್ಲಿ ವಿದ್ಯುತ್ ತಂತಿಗಳಿಂದ ವರ್ಷಕ್ಕೆ ಸುಮಾರು 84,000 ಹಕ್ಕಿ ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿದೆ. ಎರೆಭೂತದ ಅಳಿವಿನ ಪ್ರಶ್ನೆ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೆ ಹೋದದ್ದು ತಂತಿಗಳ ಕಾರಣಕ್ಕೇ. ಇಷ್ಟಾದ ಮೇಲೂ ತಂತಿಯನ್ನು ಗಾಳಿಯಂತ್ರದಿಂದ ಬೇರೆಯಾಗಿ ನೋಡುವುದಕ್ಕೆ ಯಾವ ನೆವವೂ ಉಳಿದಿಲ್ಲ.

ಆದದ್ದು, ಆಗದೆ ಉಳಿದದ್ದು

ಕಾವಲಿನ ಗೋಪುರಗಳಲ್ಲಿ ಒಂದನ್ನುಳಿದು ಎಲ್ಲವನ್ನೂ ನಕ್ಷೆಯಿಂದ ತೆಗೆಯಲಾಯಿತು. ಕೆಲವು ಎರೆಹೊಲದ ಕಡೆಗೆ ಸರಿದವು, ಕೆಲವನ್ನು ಕಂಪನಿ ಕೈಬಿಟ್ಟಿತು. ಅವುಗಳ ಪಾಲಿಗೆ ಒಂದು ಗಾಳಿಯ ಋತು ಕೈತಪ್ಪಿತು. ಗುಡ್ಡದ ತಗ್ಗಿನಲ್ಲಿದ್ದವನ್ನು ಇಳಿಜಾರಿನ ಅಂಚಿನಿಂದ ಹಿಂದಕ್ಕೆ ತಂದರು. ಕೆರೆ ಮತ್ತು ಹೊಲದ ನಡುವಿನ ತಂತಿ ನೆಲದಡಿಗೆ ಹೋಯಿತು. 33 ಕಿಲೋವೋಲ್ಟಿನಲ್ಲಿ ಅದು ದುಬಾರಿಯಾದರೂ ಸಾಧ್ಯ. ಅದಕ್ಕೂ ಮೇಲಿನ ವೋಲ್ಟೇಜಿನ ಮುಖ್ಯ ಮಾರ್ಗಕ್ಕೆ ಹಕ್ಕಿಗಳಿಗೆ ಕಾಣುವಂತೆ ಬಿಲ್ಲೆಗಳನ್ನು ತೂಗುಹಾಕಿದರು. ಬೇರೆಡೆಯ ಅನುಭವದಂತೆ ಬಿಲ್ಲೆಗಳಿಂದ ಸಾವು ಸರಾಸರಿ ಅರ್ಧದಷ್ಟು ಇಳಿಯುತ್ತದೆ. ರಾತ್ರಿ ಹಾರುವ ಹೆಬ್ಬಾತಿಗೆ ಅಷ್ಟೂ ಪ್ರಯೋಜನವಾಗುವುದೆಂದು ನಾನು ನಂಬುವುದಿಲ್ಲ.

ಉಳಿದ ಆ ಒಂದು ಗೋಪುರ ಈ ಪ್ರಕರಣದ ಅತಿ ಕಷ್ಟದ ಮಾತುಕತೆ. ಅದರ ಅಡಿಪಾಯ ನಾವು ಬರುವ ಮೊದಲೇ ಬಿದ್ದಿತ್ತು. ಬಿದ್ದ ಕಾಂಕ್ರೀಟು ಮಾತುಕತೆಯಲ್ಲಿ ಬಹಳ ಭಾರ. ಕೊನೆಗೆ ಆದ ಒಪ್ಪಂದವೆಂದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮುಸ್ಸಂಜೆ ಮತ್ತು ನಸುಕಿನಲ್ಲಿ ಒಬ್ಬ ವೀಕ್ಷಕ ಅಲ್ಲಿರಬೇಕು, ಹಕ್ಕಿಗಳು ಹತ್ತಿರ ಬಂದಾಗ ಯಂತ್ರ ನಿಲ್ಲಿಸಬೇಕು. ಸ್ಪೇನಿನ ಕಾಡಿಸ್ ಪ್ರಾಂತದಲ್ಲಿ ಹೀಗೆ ಆಯ್ದ ಯಂತ್ರಗಳನ್ನು ನಿಲ್ಲಿಸಿ ರಣಹದ್ದುಗಳ ಸಾವನ್ನು ಅರ್ಧಕ್ಕೆ ಇಳಿಸಿದರು, ಉತ್ಪಾದನೆಯಲ್ಲಿ ಕಳೆದುಕೊಂಡದ್ದು ಶೇ 0.07 ಮಾತ್ರ. ಚಳಿಗಾಲದ ಸಂಜೆ ನಮ್ಮಲ್ಲಿ ಗಾಳಿಯೂ ಕಡಿಮೆ. ವೀಕ್ಷಕನಾಗಿ ನೇಮಕವಾದದ್ದು ಅದೇ ಊರಿನ, ಕುರಿ ಕಾಯುವ ಮನೆಯ ಯುವಕ. ಯಂತ್ರ ನಿಲ್ಲಿಸುವಂತೆ ನಿಯಂತ್ರಣ ಕೊಠಡಿಗೆ ನೇರವಾಗಿ ಹೇಳುವ ಅಧಿಕಾರವನ್ನು ಅವನಿಗೇ ಕೊಡಬೇಕೆಂದು ಹಟ ಹಿಡಿದು ಬರೆಸಿದೆವು. ಮೇಲಿನವರನ್ನು ಕೇಳಿ ನಿಲ್ಲಿಸುವ ಹೊತ್ತಿಗೆ ಹಕ್ಕಿ ದಾಟಿಯೋ ಸತ್ತೋ ಆಗಿರುತ್ತದೆ.

ತೋಳದ ವಿಷಯದಲ್ಲಿ ಅರ್ಧ ಗೆದ್ದೆವು. ಕಲ್ಲುಬಂಡೆಗಳ ನಡುವಿನ ಗುಹೆಗೆ ಹತ್ತಿರ ಹಾಯಬೇಕಿದ್ದ ರಸ್ತೆಯನ್ನು ಸುತ್ತುಬಳಸಿ ಒಯ್ದರು, ಮರಿ ಹಾಕುವ ತಿಂಗಳುಗಳಲ್ಲಿ ಆ ಕಡೆ ಕೆಲಸ ನಿಲ್ಲಿಸಿದರು. ಆದರೆ ಅಲಗು ಸಾಗಿಸಲು ಮಾಡಿದ ಅಗಲ ರಸ್ತೆಗೆ ರಾತ್ರಿ ಗೇಟು ಹಾಕಬೇಕೆಂಬ ಸಲಹೆ ನಿಲ್ಲಲಿಲ್ಲ. ಊರವರು ಒಪ್ಪಲಿಲ್ಲ, ಅವರ ಹೊಲಗಳಿಗೂ ಅದೇ ದಾರಿ. ಈಗ ಆ ರಸ್ತೆಯಲ್ಲಿ ರಾತ್ರಿ ಜೀಪಿನ ದೀಪ ಬಿಟ್ಟು ಮೊಲದ ಬೇಟೆಗೆ ಬರುವವರಿದ್ದಾರೆ. ರಸ್ತೆಯನ್ನು ಇನ್ನಷ್ಟು ಕಿರಿದಾಗಿಸಿ, ಕೆಲಸ ಮುಗಿದ ಮೇಲೆ ಕೊನೆಯ ತುಂಡುಗಳನ್ನು ಕಿತ್ತುಹಾಕುವ ಷರತ್ತನ್ನು ಗುತ್ತಿಗೆಯಲ್ಲೇ ಸೇರಿಸುವುದು ಗೇಟಿಗಿಂತ ಗಟ್ಟಿಯಾದ ದಾರಿ ಎಂದು ಈಗ ಬೇರೆ ಯೋಜನೆಗಳಿಗೆ ಹೇಳುತ್ತಿದ್ದೇವೆ.

ಯಂತ್ರಗಳು ತಿರುಗತೊಡಗಿದ ಮೊದಲ ಚಳಿಗಾಲ ಹ್ಯಾರಿಯರ್‌ಗಳು ಎಂದಿನಂತೆ ಬಂದವು. ಎರಡನೆಯ ಚಳಿಗಾಲ ಕಡಿಮೆ ಬಂದವು. ಯಂತ್ರಗಳಿಗೆ ಹೆದರಿ ದೂರ ಸರಿದವೇ? ಸಾಧ್ಯ. ಸಾತಾರಾ ಬಳಿಯ ಚಾಲ್ಕೇವಾಡಿ ಬಯಲಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆಯಿದ್ದವು, ತಿನ್ನುವವರಿಲ್ಲದೆ ಓತಿಗಳು ಹೆಚ್ಚಿದ್ದವು. ಸಾವು ಒಂದೇ ನಷ್ಟವಲ್ಲ, ಜಾಗ ಬಿಟ್ಟುಹೋಗುವುದೂ ನಷ್ಟವೇ. ಆದರೆ ಅದೇ ವರ್ಷ ಮಳೆ ಕೈಕೊಟ್ಟು ಕಾವಲಿನ ಹುಲ್ಲು ಪಾದದ ಎತ್ತರಕ್ಕೂ ಬಂದಿರಲಿಲ್ಲ. ಕಾರಣವನ್ನು ಬೇರ್ಪಡಿಸಲು ಯೋಜನೆಗೆ ಮೊದಲಿನ ಹಲವು ಚಳಿಗಾಲಗಳ ಎಣಿಕೆ ಬೇಕಿತ್ತು, ನಮ್ಮ ಬಳಿ ಇದ್ದದ್ದು ಒಂದು. ಒಂದೇ ಋತುವಿನ ಅಡಿಗಲ್ಲಿನ ಮೇಲೆ ಇದಕ್ಕಿಂತ ಹೆಚ್ಚು ಹೇಳಲಾಗದು. ಗಾಳಿ ಅಳೆಯುವ ಕಂಬ ನೆಟ್ಟ ದಿನವೇ ಹಕ್ಕಿ ಎಣಿಸುವುದೂ ಶುರುವಾದರೆ ಯೋಜನೆ ಕೈಗೂಡುವ ಹೊತ್ತಿಗೆ ಎರಡು ಮೂರು ವರ್ಷದ ಎಣಿಕೆ ತಾನಾಗಿ ಸಿಗುತ್ತದೆ. ಖರ್ಚು ಹೆಚ್ಚಿಲ್ಲ, ಯಾರ ಕೆಲಸವೂ ತಡವಾಗುವುದಿಲ್ಲ.

ಕಾವಲಿನ ಕಥೆ ಇನ್ನೂ ಮುಗಿದಿಲ್ಲ. ಗೋಪುರಗಳು ಬೇಡವೆಂದು ತೀರ್ಮಾನವಾದ ಆ ನೆಲಕ್ಕೆ ಈಗ ಸೌರ ಫಲಕಗಳ ಪ್ರಸ್ತಾವ ಬಂದಿದೆ, ಬೇರೆ ಕಂಪನಿಯಿಂದ. ಸೌರ ಯೋಜನೆಗೂ ಪರಿಸರ ಪರಿಣಾಮ ಅಧ್ಯಯನ ಬೇಕಿಲ್ಲ. ನಮ್ಮ ವರದಿ ಗೋಪ್ಯತೆಯ ಕರಾರಿನೊಳಗಿದೆ, ಪಹಣಿಯಲ್ಲಿ ಅದು ಇನ್ನೂ ಬಂಜರೇ. ಬಹಳ ಓಡಾಟದ ಬಳಿಕ ಮೊದಲ ಕಂಪನಿ ತಂಗುದಾಣದ ನಕ್ಷೆಯನ್ನೂ ಎರಡು ಚಳಿಗಾಲದ ಎಣಿಕೆಯನ್ನೂ ಅರಣ್ಯ ಇಲಾಖೆಗೆ ಕೊಡಲು ಒಪ್ಪಿದೆ. ವನ್ಯಜೀವಿ ಕಾಯ್ದೆಯಡಿ ಸರಕಾರಿ ಭೂಮಿಯನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲು ಅವಕಾಶವಿದೆ, ಗದಗ ಜಿಲ್ಲೆಯ ಮಾಗಡಿ ಕೆರೆ ಹಾಗೆಯೇ ಉಳಿದುಕೊಂಡಿದೆ. ಕುರಿ ಮೇಯಿಸುವುದಕ್ಕೆ ಅಡ್ಡಿ ಬರದಿದ್ದರೆ ತಾವು ಬೆಂಬಲಿಸುವುದಾಗಿ ಕುರಿಗಾಹಿಗಳು ಗ್ರಾಮಸಭೆಯಲ್ಲಿ ಹೇಳಿದ್ದಾರೆ. ಪ್ರಸ್ತಾವ ಸಿದ್ಧವಾಗುತ್ತಿದೆ, ಈ ಚಳಿಗಾಲದ ಎಣಿಕೆಯನ್ನು ಅದೇ ವೀಕ್ಷಕ ಯುವಕ ಮಾಡುತ್ತಿದ್ದಾನೆ.